ಸೀಸದ ಹದ: ತೆಂಗಿನ ಸೀಮೆಯಿಂದ ಕಂಡ ಗುಂಡಿನ ಎರಕದ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಲೋಹಚರಿತ್ರೆಯ ಮಾತು ಬಂದರೆ ಕಬ್ಬಿಣವೇ ಮೊದಲು ನೆನಪಾಗುತ್ತದೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಚಿತ್ರದುರ್ಗ ಶಿಲಾಪಟ್ಟಿಗೆ ಸೇರಿದವು. ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿಗೆ ಹೆಸರಾದವು. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕಬ್ಬಿಣದ ಕುಲುಮೆಗಳ ಕೆಲಸವನ್ನು ದಾಖಲಿಸಿದ್ದಾನೆ. ಸೀಸದ ಚರಿತ್ರೆಗೂ ಅಷ್ಟೇ ಗಮನ ಸಲ್ಲಬೇಕು. ಸೀಸಕ್ಕೆ ಏನನ್ನು ಎಷ್ಟು ಬೆರೆಸಬೇಕೆಂಬುದನ್ನು ಎರಕದವನ ರೂಢಿಗಿಂತ ಹೆಚ್ಚಾಗಿ ಬಳಕೆಯ ಸಾಧನವೇ ನಿರ್ಧರಿಸಿತು ಎಂಬುದು ಈ ಲೇಖನದ ವಾದ.

ಈ ಸೀಮೆಗೆ ಸೀಸದ ಪರಿಚಯ ಹಳೆಯದು. ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಹಾಗೂ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನಗಳು ಪ್ರಸಿದ್ಧ. ಸದಕಣ ಮಹಾರಠಿ ಎಂಬ ಪ್ರಾಚೀನ ಅಧಿಪತಿಯ ಸೀಸದ ನಾಣ್ಯಗಳು ಈ ಪರಿಸರದವೇ.

ಕೋವಿ ಬಂದ ಮೇಲೆ ಸೀಸ ಯುದ್ಧದ ಸರಕಾಯಿತು. ಒಂದು ಕಾಲಕ್ಕೆ ಹಾಗಲವಾಡಿ ಪಾಳೆಯಗಾರರದಾಗಿದ್ದ ಚಿಕ್ಕನಾಯಕನಹಳ್ಳಿಯನ್ನು 1791ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೇನೆ ಸೂರೆಗೊಂಡ ಕಾಲಕ್ಕೆ ನುಣುಪು ನಳಿಗೆಯ ಬಂದೂಕುಗಳೇ ಹೆಚ್ಚಾಗಿ ಬಳಕೆಯಲ್ಲಿದ್ದವು. ಅವುಗಳ ಗುಂಡು ನಳಿಗೆಗಿಂತ ತುಸು ಚಿಕ್ಕದು. ಅದಕ್ಕೆ ಮೆತ್ತನೆಯ ಸೀಸವೇ ಸಾಕು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ತೆಂಗಿನ ಕರಟದ ಕೆಂಡಕ್ಕೂ ಅಷ್ಟು ಕಾವುಂಟು. ಗುಂಡಿನ ಎರಕ ಮನೆಯ ಒಲೆಯವರೆಗೆ ಬರಲು ಇದೇ ಕಾರಣ.

ಹತ್ತೊಂಬತ್ತನೆಯ ಶತಮಾನದಲ್ಲಿ ಲೆಕ್ಕ ಹಂತಹಂತವಾಗಿ ಬದಲಾಯಿತು. 1849ರ ಮಿನಿಯೆ ಗುಂಡು ಸಿಡಿತದ ಒತ್ತಡಕ್ಕೆ ಹಿಗ್ಗಿ ನಳಿಗೆಯೊಳಗಿನ ಸುರುಳಿಗೆರೆಗಳನ್ನು ಕಚ್ಚಬೇಕಿತ್ತು. ಹಾಗಾಗಿ ಅದಕ್ಕೂ ಮೆತ್ತನೆಯ ಸೀಸವೇ ಬೇಕಾಯಿತು. 1871ರ ಮಾರ್ಟಿನಿ-ಹೆನ್ರಿ ಕೋವಿಯಲ್ಲಿ ವೇಗ ಹೆಚ್ಚಿತು. ಮೆತ್ತನೆಯ ಸೀಸ ನಳಿಗೆಗೆ ಮೆತ್ತಿಕೊಳ್ಳುವ ತೊಂದರೆ ತಪ್ಪಿಸಲು 12 ಪಾಲು ಸೀಸಕ್ಕೆ 1 ಪಾಲು ತವರ ಬೆರೆಸಿದರು. ತವರದಿಂದ ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆಂಟಿಮನಿಯಿಂದ ಗಡಸುತನ ಬರುತ್ತದೆ. ಮುದ್ರಣಾಲಯಗಳೂ ಇದೇ ಮೂರು ಲೋಹಗಳನ್ನು ಬಳಸಿದವು. ಲೈನೋಟೈಪ್ ಎಂಬ ಅಚ್ಚೆರಕದ ಯಂತ್ರದ ಲೋಹದಲ್ಲಿ ಸಾಮಾನ್ಯವಾಗಿ ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ ಇರುತ್ತಿತ್ತು. ಮುದ್ರಣದ ಒತ್ತಡಕ್ಕೆ ಅಕ್ಷರದ ಅಂಚು ಮಾಸಬಾರದು; ಅದಕ್ಕೇ ಆ ಗಡಸು. ಅಮೆರಿಕದ ಹವ್ಯಾಸಿಗಳು ಹಳೆಯ ಅಚ್ಚುಮೊಳೆಗಳನ್ನು ಕರಗಿಸಿ ಗುಂಡಿನ ಸೀಸಕ್ಕೆ ಬೆರೆಸಲು ಇದೇ ಗುಣ ಕಾರಣ.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಸೀಸದ ಹೊಗೆ, ದೂಳು ಮಕ್ಕಳ ಮಿದುಳಿಗೆ ವಿಷ. ಹಳೆಯ ಬ್ಯಾಟರಿಯ ಸೀಸವನ್ನು ಮನೆಯಲ್ಲಿ ಕರಗಿಸುವುದು ಇನ್ನೂ ಅಪಾಯ. ಆದ್ದರಿಂದ ಈ ವಿದ್ಯೆಯನ್ನು ಒಲೆಯ ಮೇಲೆ ಹುಡುಕದೆ ವಸ್ತುಗಳಲ್ಲೇ ಓದಬೇಕು. ಹಳೆಯ ಗುಂಡಿನಚ್ಚು, ಸೀಸದ ಗುಂಡು, ಅಚ್ಚುಮೊಳೆ ಮನೆಯಲ್ಲಿ ಸಿಕ್ಕರೆ ಗುಜರಿಗೆ ಹಾಕಬೇಡಿ, ಕರಗಿಸಬೇಡಿ. ಪುರಾತತ್ವ ಇಲಾಖೆಯ ಗಮನಕ್ಕೆ ತನ್ನಿ. ಅವುಗಳಲ್ಲಿ ತವರ, ಆಂಟಿಮನಿ ಎಷ್ಟಿವೆಯೆಂದು ಅಳೆದರೆ ಯಾವ ಕೋವಿಗೆ, ಯಾವ ಯಂತ್ರಕ್ಕೆ ಎರೆದದ್ದೆಂದು ಊಹಿಸಲು ಗಟ್ಟಿ ಆಧಾರ ದೊರೆಯುತ್ತದೆ.