1973ರ ಎರಡು ನಾಮಕರಣಗಳು



ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದ ನನಗೆ 1973 ಎಂದೊಡನೆ ನೆನಪಾಗುತ್ತಿದ್ದುದು ನವೆಂಬರ್ 1 ಮಾತ್ರ. ಅದೇ ವರ್ಷದ ಮೇ 22ರಂದು ಕಾಗದದ ಮೇಲೆ ಮೂಡಿದ ಇನ್ನೊಂದು ಹೆಸರು ನನ್ನ ಮನೆಯ ಮೇಜಿನ ಮೇಲೆಯೇ ಕುಳಿತಿದೆಯೆಂಬುದು ನಿವೃತ್ತಿಯ ನಂತರ, ಒಂದು ಸಣ್ಣ ಪೇಚಿನಿಂದಾಗಿ ತಿಳಿಯಿತು.

ನನ್ನ ಅಣ್ಣ ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾನೆ. ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಭಾನುವಾರ ಸಂಜೆ, ಅಲ್ಲಿನ ಬೆಳಗಿನ ಹೊತ್ತು, ಗಣಕಯಂತ್ರದ ಪರದೆಯಲ್ಲಿ ಇಬ್ಬರೂ ಮುಖ ನೋಡಿಕೊಂಡು ಅರ್ಧ ಗಂಟೆ ಮಾತನಾಡುತ್ತೇವೆ. ಒಂದು ಭಾನುವಾರ ಮನೆಗೆ ಬರುವ ಅಂತರಜಾಲದ ತಂತಿ ಕೈಕೊಟ್ಟಿತು. ಮೊಮ್ಮಗ ತನ್ನ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಿಂದ ಗಣಕಕ್ಕೆ ಜೋಡಿಸಿ, "ತಾತ, ಈಗ ಮಾತಾಡಿ" ಎಂದು ಆಟಕ್ಕೆ ಹೋದ. ಸಂಪರ್ಕಗಳ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದವು: 'ಈಥರ್ನೆಟ್' ಮತ್ತು 'ಈಥರ್ನೆಟ್ 2'. ಮಾತು ತಡವರಿಸತೊಡಗಿದಾಗ, ಕೆಟ್ಟ ತಂತಿಯೇ ಕಾರಣವಿರಬೇಕೆಂದು ಭಾವಿಸಿ ಅದನ್ನು ನಿಷ್ಕ್ರಿಯಗೊಳಿಸಲು ಹೋದೆ. ಆರಿಸಿದ್ದು ಜೀವಂತವಾಗಿದ್ದ ಮೊಬೈಲಿನ ಸಂಪರ್ಕವನ್ನು! ಅಣ್ಣ ಒಂದು ಹಳೆಯ ಇನ್‌ಲ್ಯಾಂಡ್ ಪತ್ರವನ್ನು ಕೈಯಲ್ಲಿ ಹಿಡಿದು, "ಇದರ ವಿಳಾಸ ನೋಡು" ಎನ್ನುತ್ತಿದ್ದ. ಪರದೆ ಅಲ್ಲಿಗೇ ಸ್ತಬ್ಧವಾಯಿತು. ಮೊಮ್ಮಗ ಬಂದು ಸರಿಪಡಿಸುವಷ್ಟರಲ್ಲಿ ಅಣ್ಣ ದಣಿದು ನಿದ್ರೆಗೆ ಜಾರಿದ್ದ.

ಆ ವಯಸ್ಸಿನವರೊಡನೆ ತಪ್ಪಿದ ಅರ್ಧ ಗಂಟೆಯ ಬೆಲೆ ಏನೆಂದು ನಿಮಗೆ ವಿವರಿಸಬೇಕಿಲ್ಲ. ಹೆಸರುಗಳು ಸ್ಪಷ್ಟವಾಗಿದ್ದರೆ ಹೀಗಾಗುತ್ತಿರಲಿಲ್ಲವಲ್ಲ ಎಂಬ ಕೊರಗಿನಲ್ಲಿ ಆ ರಾತ್ರಿಯೇ ಈ ಹೆಸರಿನ ಮೂಲವನ್ನು ಹುಡುಕಲು ಕುಳಿತೆ. ಇತಿಹಾಸದ ಮೇಷ್ಟ್ರ ಚಟ!

ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ 'ಆಲ್ಟೋ' ಎಂಬ ಗಣಕ ಸಿದ್ಧವಾಯಿತು. ಇಂತಹ ಹಲವು ಗಣಕಗಳನ್ನು ಒಂದೇ ತಂತಿಯಲ್ಲಿ ಪೋಣಿಸುವ ಹೊಣೆ ರಾಬರ್ಟ್ ಮೆಟ್ಕಾಫ್ ಎಂಬ ತರುಣನದು. ಆತನಿಗೆ ಮಾದರಿಯಾಗಿದ್ದುದು, ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ಆರಂಭಿಸಿದ 'ಅಲೋಹಾ' ಎಂಬ ರೇಡಿಯೋ ಜಾಲ. ಹೀಗಾಗಿ ಹೊಸ ಜಾಲವನ್ನು ಮೊದಲು 'ಆಲ್ಟೋ ಅಲೋಹಾ ಜಾಲ' ಎಂದೇ ಕರೆಯುತ್ತಿದ್ದರು. ಅದರ ನಿಯಮ ನಮ್ಮ ತರಗತಿಯದೇ. ಬೇರೆಯವರು ಮಾತನಾಡುತ್ತಿದ್ದರೆ ಕಾಯಬೇಕು, ಮೌನವಿದ್ದಾಗ ಮಾತನಾಡಬೇಕು, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ಅವಧಿ ಕಾದು, ಮತ್ತೆ ಯತ್ನಿಸಬೇಕು.

ಆದರೆ 'ಆಲ್ಟೋ' ಎಂಬ ಹೆಸರಿದ್ದರೆ ಇದು ಆ ಒಂದು ಯಂತ್ರದ ಸೊತ್ತೆಂದು ಜನ ತಿಳಿದಾರು. ಯಾವ ಗಣಕವಾದರೂ ಇದರಲ್ಲಿ ಸೇರಬಹುದೆಂಬುದು ಹೆಸರಿನಲ್ಲಿಯೇ ತಿಳಿಯಬೇಕೆಂದು ಮೆಟ್ಕಾಫ್ ಬಯಸಿದರು. ಮೇ 22ರ ಟಿಪ್ಪಣಿಯಲ್ಲಿ ಕಾಣಿಸಿಕೊಂಡ ಹೆಸರು 'ಈಥರ್ ನೆಟ್‌ವರ್ಕ್'. ಈಥರ್ ಎಂದರೆ ಬೆಳಕನ್ನು ಹೊತ್ತು ಸಾಗುತ್ತದೆಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದ ಸರ್ವವ್ಯಾಪಿ ದ್ರವ್ಯ. ಮೈಕೆಲ್ಸನ್ ಮತ್ತು ಮೋರ್ಲಿ 1887ರಲ್ಲಿ ಹುಡುಕಿದಾಗ ಅದರ ಸುಳಿವು ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲವೆಂದರು. ಇಲ್ಲದ ವಸ್ತುವಿನ ಹೆಸರು ಇರುವ ಜಾಲಕ್ಕೆ ಬಂದಿತು. ವಾಹಕವು ತಂತಿಯಾಗಲಿ, ದೂರವಾಣಿಯಾಗಲಿ, ರೇಡಿಯೋ ಆಗಲಿ, ಎಲ್ಲಕ್ಕೂ ಒಪ್ಪುವಷ್ಟು ಆ ಹೆಸರು ವಿಶಾಲವಾಗಿತ್ತು. 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಎಂಬ ಮೂರು ಸಂಸ್ಥೆಗಳು ಕೂಡಿ ಇದನ್ನು ಎಲ್ಲರಿಗೂ ತೆರೆದ ಮಾನಕವಾಗಿ ಪ್ರಕಟಿಸಿದವು.

ಇದನ್ನು ಓದುತ್ತಿದ್ದಂತೆ ನನ್ನ ಮನಸ್ಸು ಅದೇ ವರ್ಷದ ನಮ್ಮೂರಿಗೆ ಓಡಿತು. ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನಾಗ ವಿದ್ಯಾರ್ಥಿ. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಡನೆ ಒಂದುಗೂಡಿದ್ದವು. ಆದರೂ ಕೂಡಿದ ನಾಡಿನ ಹೆಸರು ಒಂದು ಭಾಗದ್ದೇ ಆಗಿ ಉಳಿಯಿತು. ನಮ್ಮ ಅಜ್ಜ ಬರೆಯುತ್ತಿದ್ದುದು 'ಮುಂಬಯಿ ಇಲಾಖೆ', ಅಪ್ಪ ಬರೆದದ್ದು 'ಮೈಸೂರು ರಾಜ್ಯ'. ಮನೆ, ಬಾವಿ, ಹೊಲ ಮಾತ್ರ ಇದ್ದಲ್ಲಿಯೇ ಇದ್ದವು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1973ರ ನವೆಂಬರ್ 1ರಂದು, ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದಿತು. ಹಳೆಯ ಹೆಸರನ್ನು ಬಿಟ್ಟುಕೊಡುವುದು ಹಳೆ ಮೈಸೂರಿನ ಹಲವರಿಗೆ ನೋವಿನ ಸಂಗತಿಯೇ ಆಗಿತ್ತು. ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಅತ್ತ 1917ರಲ್ಲಿಯೇ 'ಕರ್ನಾಟಕ ಗತವೈಭವ' ಬರೆದು ನಮ್ಮ ಭಾಗದವರನ್ನು ಎಚ್ಚರಿಸಿದ ಆಲೂರು ವೆಂಕಟರಾಯರು ಏಕೀಕರಣವನ್ನು ಕಂಡರು, ನಾಮಕರಣವನ್ನು ಕಾಣಲಿಲ್ಲ, 1964ರಲ್ಲಿಯೇ ತೀರಿಕೊಂಡಿದ್ದರು.

ಗಡಿ ಒಂದು ಗೇಣೂ ಸರಿಯದೆ ಹೆಸರು ಮಾತ್ರ ಬದಲಾದರೆ ಏನು ಬದಲಾದಂತಾಯಿತು ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದ. ಅಂದು ನಾನು ಕೊಟ್ಟ ಉತ್ತರ ಪರೀಕ್ಷೆಯ ಉತ್ತರ. ಇಂದಾದರೆ ಅವನನ್ನು ಗಣಕದ ಮುಂದೆ ಕೂರಿಸುತ್ತಿದ್ದೆ.

ವಿಂಡೋಸ್ ಪ್ರತಿಯೊಂದು ಸಂಪರ್ಕಕ್ಕೂ ಒಳಗಡೆ ಮೂವತ್ತೆರಡು ಅಂಕಿ-ಅಕ್ಷರಗಳ ಗುರುತೊಂದನ್ನು ಇಟ್ಟುಕೊಂಡಿರುತ್ತದೆ. ಆ ಸಂಪರ್ಕದ ಏರ್ಪಾಡುಗಳೆಲ್ಲ ಆ ಗುರುತಿನ ಹೆಸರಿನಲ್ಲಿಯೇ ದಾಖಲಾಗಿರುತ್ತವೆ. 2001ರ ಎಕ್ಸ್‌ಪಿಯ ಕಾಲದಲ್ಲಿ ನಮಗೆ ಕಾಣುತ್ತಿದ್ದ ಹೆಸರು 'ಲೋಕಲ್ ಏರಿಯಾ ಕನೆಕ್ಷನ್'. 2012ರ ವಿಂಡೋಸ್ 8ರಿಂದ ಈಚೆಗೆ ಅದು 'ಈಥರ್ನೆಟ್' ಆಯಿತು. ಎರಡನೆಯದು ಬಂದರೆ ಪಕ್ಕದಲ್ಲೊಂದು ಅಂಕಿ. ಈ ಹೆಸರನ್ನು ನಾವು ಬದಲಿಸಿದರೆ ಸಂಪರ್ಕ ಕಡಿಯುವುದಿಲ್ಲ, ವೇಗ ಕುಗ್ಗುವುದಿಲ್ಲ. ಯಂತ್ರಕ್ಕೆ ಗುರುತಿನ ಸಂಖ್ಯೆ ಸಾಕು; ಹೆಸರು ಇರುವುದು ನಮಗಾಗಿ.

ಕೆಲಸವೂ ಸುಲಭ. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ನೆಟ್‌ವರ್ಕ್ ಕನೆಕ್ಷನ್ಸ್' ತೆರೆದು, ಮೊದಲು ಒಂದು ತಂತಿಯನ್ನು ಕಿತ್ತು ನೋಡಿ. ಯಾವ ಚಿತ್ರದ ಮೇಲೆ ಕೆಂಪು ಗುರುತು ಮೂಡುತ್ತದೆಯೋ, ಅಥವಾ ಯಾವುದು ಪಟ್ಟಿಯಿಂದ ಮಾಯವಾಗುತ್ತದೆಯೋ, ಅದೇ ಆ ತಂತಿಯ ಸಂಪರ್ಕ. ತಂತಿಯನ್ನು ಮತ್ತೆ ಜೋಡಿಸಿ, ಆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ರೀನೇಮ್' ಆರಿಸಿ ಬೇಕಾದ ಹೆಸರು ಬರೆಯಿರಿ. ಗಣಕದ ಮೇಲೆ ಆಡಳಿತಗಾರನ ಅಧಿಕಾರವಿದ್ದರಾಯಿತು.

ನಾನು ಒಂದಕ್ಕೆ 'ಮನೆಯ ತಂತಿ' ಎಂದೂ ಇನ್ನೊಂದಕ್ಕೆ 'ಮೊಮ್ಮಗನ ಮೊಬೈಲು' ಎಂದೂ ಕನ್ನಡದಲ್ಲಿಯೇ ಹೆಸರಿಟ್ಟೆ. ಮನೆಯವಳು ನೋಡಿ, "ಇನ್ನು ನಾನೂ ಇದನ್ನು ಮುಟ್ಟಬಹುದು" ಎಂದಳು. ಅಂದು ಆ ಹುಡುಗನಿಗೆ ನಾನು ಹೇಳಬೇಕಿದ್ದ ಉತ್ತರ ಇದೇ. ಹೆಸರು ಬದಲಾದರೆ ನೆಲ ಬದಲಾಗುವುದಿಲ್ಲ. ಇದು ನನ್ನದೂ ಹೌದು ಎನ್ನಬಲ್ಲವರ ಸಂಖ್ಯೆ ಬದಲಾಗುತ್ತದೆ.

ಮುಂದಿನ ಭಾನುವಾರ ಅಣ್ಣ ಆ ಪತ್ರವನ್ನು ಮತ್ತೆ ಹಿಡಿದು ತೋರಿಸಿದ. ಅವನು ಮುಂಬಯಿಯಲ್ಲಿ ಓದುತ್ತಿದ್ದಾಗ, 1973ರ ಕೊನೆಯಲ್ಲಿ ಅಪ್ಪ ಬರೆದದ್ದು. ಒಳಗಿದ್ದುದು ಮಳೆ, ಜೋಳ, ಮನಿಆರ್ಡರಿನ ಸುದ್ದಿ. ಕಳುಹಿಸಿದವರ ವಿಳಾಸದಲ್ಲಿ ಅಪ್ಪ ಅಭ್ಯಾಸಬಲದಿಂದ 'ಮೈಸೂರು ರಾಜ್ಯ' ಎಂದು ಬರೆದು, ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ 'ಕರ್ನಾಟಕ' ಎಂದು ಬರೆದಿದ್ದರು.

ಈ ಬಾರಿ ಸಂಪರ್ಕ ಕಡಿಯಲಿಲ್ಲ. ಅಣ್ಣ ಪತ್ರವನ್ನು ಪೂರ್ತಿ ಓದಿದ.