ಹದಿನೈದು ಜನರ ಸುಸ್ತು

ಈ ವಾರದ ಮಾತು ಒಂದು ಪಟ್ಟಿಯ ಬಗ್ಗೆ. ಆ ಪಟ್ಟಿಯಲ್ಲಿ ಮುಖ್ಯವಾದ ಒಂದು ಸಾಲೇ ಇರಲಿಲ್ಲ, ಅದನ್ನ ಸೇರಿಸೋಕೆ ರೋಗಿಗಳೇ ಬರಬೇಕಾಯ್ತು.

ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋದು ಸಂಧಿವಾತದ ಒಂದು ಬಗೆ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತೆ. ಒಂದು ಕಾಲದಲ್ಲಿ ಇದರ ಔಷಧಗಳನ್ನ ಪರೀಕ್ಷಿಸುವವರು ಒಬ್ಬೊಬ್ಬರು ಒಂದೊಂದನ್ನ ಅಳೀತಿದ್ರು, ಹೋಲಿಸೋದೇ ಕಷ್ಟ. ಹಾಗಾಗಿ 1992ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ತಜ್ಞರು ಸೇರಿದರು. ಒಮೆರಾಕ್ಟ್ ಅಂತ ಆ ಸಭೆಯ ಹೆಸರು. ಆ ಹೊತ್ತಿಗೆ ಎಲ್ಲರೂ ಅಳೆಯಲೇಬೇಕಾದ ಒಂದು ಪಟ್ಟಿ ರೂಪುಗೊಂಡಿತು: ಊದಿದ ಕೀಲೆಷ್ಟು, ಮುಟ್ಟಿದ್ರೆ ನೋಯೋ ಕೀಲೆಷ್ಟು, ನೋವು, ದಿನದ ಕೆಲಸ ಮಾಡಿಕೊಳ್ಳೋ ಶಕ್ತಿ, ರೋಗಿಯ ಒಟ್ಟು ಅಂದಾಜು, ವೈದ್ಯರ ಅಂದಾಜು, ರಕ್ತದಲ್ಲಿ ಕಾಣೋ ಉರಿಯೂತ. ಒಳ್ಳೆಯ ಕೆಲಸವೇ. ಸ್ಟ್ಯಾಂಡರ್ಡ್ ಇಲ್ಲದ ಕೋಡ್‌ಬೇಸ್‌ನಲ್ಲಿ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು.

2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸಭೆ ಸೇರಿದಾಗ ಮೊದಲ ಸಲ ರೋಗಿಗಳನ್ನೂ ಕರೆದರು. ಹತ್ತು ವರ್ಷ ಆದಮೇಲೆ! (ರಿಕ್ವೈರ್‌ಮೆಂಟ್ ಮೀಟಿಂಗ್‌ಗೆ ಬಳಕೆದಾರರನ್ನ ಕರೆಯೋದು ಮರೆಯೋ ಚಾಳಿ ನಮ್ಮೊಬ್ಬರದೇ ಅಲ್ಲ ಬಿಡಿ.) ನಿಮ್ಮ ಪಟ್ಟಿಯಲ್ಲಿ ಸುಸ್ತೇ ಇಲ್ವಲ್ಲ ಅನ್ನೋ ಮಾತು ಬಂದಿದ್ದು ಅವರಿಂದ.

ಆದರೆ ಸುಸ್ತನ್ನ ಅಳೆಯೋದು ಹೇಗೆ? ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಕೊಡಿ ಅಂದ್ರೆ ಸಾಕಾ? ಅಂಕಿ ಬರುತ್ತೆ, ಯಾವುದರ ಅಂಕಿ ಅಂತ ತಿಳಿಯಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾರಾ ಹ್ಯೂಲೆಟ್ ಮತ್ತು ಸಂಗಡಿಗರು, ವಿಪರೀತ ಸುಸ್ತಿದ್ದ ಹದಿನೈದು ರೋಗಿಗಳನ್ನ ಮಾತಾಡಿಸಿದರು. 2005ರಲ್ಲಿ ಪ್ರಕಟವಾಯ್ತು. ಹದಿನೈದೇ ಜನರಾ ಅಂತ ನಮ್ಮಂಥವರಿಗೆ ನಗು ಬರಬಹುದು. ಎಷ್ಟು ಜನಕ್ಕಿದೆ ಅನ್ನೋದು ಅಲ್ಲಿನ ಪ್ರಶ್ನೆಯಲ್ಲ. ಅದು ಏನು, ಹೇಗಿರುತ್ತೆ ಅನ್ನೋದು. ಅದಕ್ಕೆ ಕೂತು ಕೇಳಿಸಿಕೊಳ್ಳಬೇಕು.

ಅವರು ಹೇಳಿದ್ದರ ಸಾರ ಕೇಳಿ. ಇದು ದುಡಿದು ಸಂಪಾದಿಸಿದ ಸುಸ್ತಲ್ಲ, ಏನೂ ಮಾಡದಿದ್ರೂ ಬರುತ್ತೆ. ಮಲಗಿ ಎದ್ರೂ ಹೋಗಲ್ಲ. ಮೈಗಷ್ಟೇ ಅಲ್ಲ, ಯೋಚನೆಗೂ ಮನಸ್ಸಿಗೂ ಬಡಿಯುತ್ತೆ. ಮನೆಯಲ್ಲಿ ತಮ್ಮ ಪಾತ್ರ, ಸಂಬಂಧಗಳು, ಎಲ್ಲಕ್ಕೂ ತಟ್ಟುತ್ತೆ. ಹೆಚ್ಚಿನವರು ವೈದ್ಯರ ಹತ್ರ ಇದನ್ನ ಎತ್ತಿಯೇ ಇರಲಿಲ್ಲ. ಎತ್ತಿದವರಿಗೆ, ಅದನ್ನ ತಳ್ಳಿಹಾಕಿದರು ಅನ್ನಿಸಿತ್ತು. ನನಗೆ ಇಡೀ ಕಥೆಯಲ್ಲಿ ಚುಚ್ಚೋದು ಇದೇ. ಕೇಳಲಿಲ್ಲ ಅಂತ ಇವರು ಹೇಳಲಿಲ್ಲ, ಹೇಳಲಿಲ್ಲ ಅಂತ ಅವರು ಅಳೆಯಲಿಲ್ಲ.

2006ರಲ್ಲಿ ಮಾಲ್ಟಾದ ಸಭೆ, ಸಾಧ್ಯವಾದಾಗೆಲ್ಲ ಸುಸ್ತನ್ನೂ ಅಳೆಯಬೇಕು ಅಂತ ಒಪ್ಪಿತು. 2010ರಲ್ಲಿ ಬ್ರಿಸ್ಟಲ್ ತಂಡದ ಪ್ರಶ್ನಾವಳಿ ಬಂತು: ಇಪ್ಪತ್ತು ಪ್ರಶ್ನೆ, ನಾಲ್ಕು ಭಾಗ. ದೇಹದ ಸುಸ್ತು, ಬದುಕಿನ ಮೇಲಿನ ಪರಿಣಾಮ, ಯೋಚನೆ, ಭಾವನೆ. ಹದಿನೈದು ಜನರ ಮಾತಿನ ಗುರುತು ಆ ವಿಂಗಡಣೆಯಲ್ಲೇ ಕಾಣುತ್ತೆ.

ಇಂಥದನ್ನ ಕನ್ನಡಕ್ಕೆ ತರೋದಾದ್ರೆ ಮೊದಲ ತೊಡಕು ಆ ಒಂದು ಪದದ್ದೇ. ಆಯಾಸ ಅನ್ನೋದು ಪುಸ್ತಕದ ಮಾತು; ಸುಸ್ತು, ದಣಿವು, ಬಳಲಿಕೆ ಮೂರೂ ಒಂದೇ ಅಲ್ಲ. ದಣಿವು ಅಂದ್ರೆ ದುಡಿದಿದ್ದಾರೆ ಅಂತ ಕಿವಿಗೆ ಬೀಳುತ್ತೆ, ಇಲ್ಲಿ ಅದೇ ತಪ್ಪು. ನಿಮ್ಮ ಊರ ಕಡೆ, ಮಾಡದ ಕೆಲಸಕ್ಕೆ ಬರೋ ಸುಸ್ತಿಗೆ ಏನಂತಾರೆ? ಬರೆದು ತಿಳಿಸಿ.