ಶತ್ರುಂಜಯದ ಯಾತ್ರಾಸುಂಕವೂ ಮೇರೆಯ ವಿವಾದವೂ

ಘೂರ್ಜರದ ಚೌಲುಕ್ಯ ಸಿದ್ಧರಾಜ ಜಯಸಿಂಹನ ತಾಯಿಯಾದ ಮಯಣಲ್ಲದೇವಿಯು ಕದಂಬ ಜಯಕೇಶಿಯ ಮಗಳು, ಕರ್ಣಾಟಕದ ಹೆಣ್ಣು. ಆಕೆಯು ಸೋಮನಾಥ ಯಾತ್ರೆಗೆ ಹೊರಟಾಗ ಬಾಹುಲೋಡದಲ್ಲಿ ಸುಂಕ ತೆರಲಾರದ ಬಡವರು ದೇವದರ್ಶನವಿಲ್ಲದೆ ಹಿಂದಿರುಗುವುದನ್ನು ಕಂಡು ಮರುಗಿದಳೆಂದೂ, ಮಗನು 72 ಲಕ್ಷದ ಆ ಆದಾಯವನ್ನು ಬಿಟ್ಟುಕೊಟ್ಟನೆಂದೂ ಮೇರುತುಂಗಾಚಾರ್ಯನು ಪ್ರಬಂಧಚಿಂತಾಮಣಿಯಲ್ಲಿ ಹೇಳಿದ್ದಾನೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿದ್ದೀತು. ಆದರೆ ಆ ನೆಲದ ಒಡೆಯನಾರೆಂಬಲ್ಲಿ ಸಂಶಯವಿರಲಿಲ್ಲವಾದುದರಿಂದ ಒಬ್ಬನ ಮಾತಿಗೇ ಸುಂಕವು ನಿಂತಿತು. ಅದೇ ಪಶ್ಚಿಮಭಾಗದ ಶತ್ರುಂಜಯ ಗಿರಿಯಲ್ಲಿ ಒಡೆತನವೇ ವಿವಾದಾಸ್ಪದವಾಗಿದ್ದಿತು. ಆದಕಾರಣ ವ್ಯಾಜ್ಯವು ಮೂರು ಶತಮಾನ ಬೆಳೆಯಿತು.

ಶತ್ರುಂಜಯವು ಜೈನರ ಪರಮತೀರ್ಥ. ಅದರ ಅಡಿಯಲ್ಲಿರುವ ಪಾಲಿತಾಣಾ ಗೋಹಿಲ ರಜಪೂತರ ರಾಜಧಾನಿಯಾಗಿದ್ದಿತು. 1650ರ ಸುಮಾರಿಗೆ ಅಹಮದಾಬಾದಿನ ರತ್ನವರ್ತಕ ಶಾಂತಿದಾಸನು ಗೋಹಿಲ ಕಾಂಧಾಜಿಯೊಡನೆ ಒಂದು ಒಡಂಬಡಿಕೆ ಮಾಡಿಕೊಂಡನು: ಗೋಹಿಲರು ಯಾತ್ರಿಕರನ್ನು ಕಾಯತಕ್ಕದ್ದು, ಸಂಘದವರು ಅದಕ್ಕೆ ಪ್ರತಿಫಲ ಕೊಡತಕ್ಕದ್ದು. ಇದಕ್ಕೆ 'ರಖೋಪು', ಎಂದರೆ ಕಾವಲಿನ ಸಂಬಳ, ಎಂದು ಹೆಸರು. ಕೆಲವೇ ವರ್ಷಗಳಲ್ಲಿ ಮೊಗಲರ ಸನದಿನ ಮೂಲಕ ಪಾಲಿತಾಣಾ ಶಾಂತಿದಾಸನಿಗೇ ದತ್ತವಾಯಿತು. ಹೀಗೆ ಜೈನರ ಕೈಯಲ್ಲಿ ಸನದೂ ಗೋಹಿಲರ ಕೈಯಲ್ಲಿ ಕತ್ತಿಯೂ ಉಳಿದುವು. ಮೊಗಲರ ಬಲವು ಕುಂದಿದ ಮೇಲೆ ಇವೆರಡರಲ್ಲಿ ಯಾವುದು ಗಟ್ಟಿಯೆಂಬುದನ್ನು ಹೇಳಬೇಕಾಗಿಲ್ಲ.

ಆಂಗ್ಲರು ಬಂದ ಬಳಿಕ 1821ರಲ್ಲಿ ವರ್ಷಕ್ಕೆ 4,500 ರೂಪಾಯಿಯ ಕರಾರಾಯಿತು. 1863ರಲ್ಲಿ ಮೇಜರ್ ಕೀಟಿಂಜನು ಅದನ್ನು 10,000ಕ್ಕೆ ಏರಿಸಿದನು. ಮೊತ್ತಕ್ಕಿಂತ ಮುಖ್ಯವಾದುದು ಅವನು ಒಪ್ಪಿದ ತತ್ತ್ವ: ಹಣವು ತಲೆಗಂದಾಯದ ಬದಲಿಗೆ ಸಲ್ಲತಕ್ಕದ್ದು. ಕಾವಲುಗಾರನಿಗೆ ಕೊಡುತ್ತಿದ್ದ ಸಂಬಳವು ಹೀಗೆ ದೊರೆಗೆ ಸಲ್ಲುವ ತೆರಿಗೆಯಾಯಿತು. ಸಂಘದವರು ಒಟ್ಟು ಮೊತ್ತವನ್ನೇ ಬಯಸುತ್ತಿದ್ದುದರ ಹೇತುವೂ ಇಲ್ಲಿಯೇ ತೋರುತ್ತದೆ. ತಲೆಯೆಣಿಸಲು ಬಿಟ್ಟರೆ ಪ್ರತಿಯೊಬ್ಬ ಯಾತ್ರಿಕನೂ ಠಾಕೂರನ ಅಂಕಿತಕ್ಕೆ ಒಳಪಟ್ಟಂತಾಗುತ್ತಿದ್ದಿತು. ಲೋಭವೇ ಕಾರಣವೆಂದು ಹೇಳುವುದು ಅನ್ಯಾಯ.

ಮೇರೆಯ ಪ್ರಶ್ನೆಯು 1877ರಲ್ಲಿ ಮುಂಬಯಿ ಸರ್ಕಾರದ ಮುಂದೆ ಬಂದಿತು. ಬೆಟ್ಟವು ಪಾಲಿತಾಣಾದ ಅಧಿಕಾರದಲ್ಲಿದೆಯೆಂದೂ, ಶಿಖರದ ಗಢದೊಳಗೆ, ಎಂದರೆ ದೇವಾಲಯಗಳನ್ನು ಸುತ್ತಿರುವ ಕೋಟೆಯೊಳಗೆ, ಜೈನರ ವ್ಯವಸ್ಥೆಯಲ್ಲಿ ದರ್ಬಾರಿನವರು ಕೈಹಾಕಕೂಡದೆಂದೂ ಇತ್ಯರ್ಥವಾಯಿತು. ಗೋಡೆಯೇ ಗಡಿಯಾಯಿತು! ಗೋಡೆಯ ಹೊರಗಿನ ಮೆಟ್ಟಿಲು, ಕುಂಡ, ವಿಶ್ರಾಂತಿಸ್ಥಾನಗಳ ಜಗಳವು ಮಾತ್ರ ನಿಲ್ಲಲಿಲ್ಲ.

1886ರಲ್ಲಿ 15,000 ರೂಪಾಯಿಯಂತೆ 40 ವರ್ಷದ ಕರಾರಾಯಿತು. ಅದು 1926ರ ಮಾರ್ಚ್ 31ರಂದು ಮುಗಿಯಲು, ಠಾಕೂರನು ಹೆಚ್ಚು ಕೇಳಿದನು. ಆಂಗ್ಲ ಪ್ರತಿನಿಧಿ ವಾಟ್ಸನ್ನನು ವರ್ಷಕ್ಕೆ ಒಂದು ಲಕ್ಷವೆಂದು ತೀರ್ಪಿತ್ತನು. ಜೈನರು ಯಾತ್ರೆಯನ್ನೇ ನಿಲ್ಲಿಸಿದರು. ಎರಡು ವರ್ಷಗಳ ಕಾಲ ತೀರ್ಥವು ಬರಿದಾಯಿತು. ಬೆಟ್ಟದ ದಾರಿಯ ಡೋಲಿಯವರಿಗೂ ಊರಿನ ಅಂಗಡಿಯವರಿಗೂ ಇದರಿಂದಾದ ನಷ್ಟವನ್ನು ಯಾವ ಕರಾರೂ ಲೆಕ್ಕಕ್ಕೆ ತಂದಿಲ್ಲ. ಯಾತ್ರಿಕನಿಲ್ಲದೆ ಯಾತ್ರಾಸುಂಕವಿಲ್ಲವೆಂಬುದು ದರ್ಬಾರಿಗೆ ಆಗ ಅರಿವಾಗಿರಬೇಕು. 1928ರ ಮೇ 26ರಂದು ಸಿಮ್ಲೆಯಲ್ಲಿ ವೈಸರಾಯ್ ಇರ್ವಿನ್ನನ ಮಧ್ಯಸ್ಥಿಕೆಯಿಂದ 60,000 ರೂಪಾಯಿಗೆ, 35 ವರ್ಷಗಳಿಗಾಗಿ, ರಾಜಿಯಾಯಿತು.

ಆ ಅವಧಿಯು 1963ರವರೆಗೆ ನಡೆಯಬೇಕಾಗಿದ್ದಿತು. ಆದರೆ 1948ರಲ್ಲಿ ಪಾಲಿತಾಣಾ ಸಂಸ್ಥಾನವು ಸೌರಾಷ್ಟ್ರ ಒಕ್ಕೂಟದಲ್ಲಿ ಲೀನವಾಗಿ, ಸುಂಕ ಕೇಳುವ ದರ್ಬಾರೇ ಇಲ್ಲವಾಯಿತು.